ಅವ್ವ ನಿಂತು ಅಡುಗೆ ಮಾಡಿದ ವರ್ಷ

ಒಂದು ಸಂಜೆ ಮುಂಬಯಿಯ ಮಾಟುಂಗದ ನಮ್ಮ ಚಾಳಿನ ಗಚ್ಚಿಯ ಮೇಲೆ ಒಣಗಿದ ಹಪ್ಪಳ ಎತ್ತಿಡಲು ಹೋಗಿದ್ದ ಆಯಿ ಹಪ್ಪಳವನ್ನು ಅಲ್ಲೇ ಬಿಟ್ಟು, ಮೆಟ್ಟಿಲ ಬಾಯಿಗೆ ಬಂದು ನಿಂತು ನಮ್ಮನ್ನೆಲ್ಲ ಕೂಗಿದಳು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಧಾರವಾಡದ ಕಡೆಯ ನಮ್ಮ ಮನೆಗಳಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತೇವೆ. ಮರಾಠಿ ಮಕ್ಕಳಿಗೆ ಆಯಿ ಎಂದರೆ ಹೆತ್ತ ತಾಯಿ. ಹಾಗಾಗಿ ಚಾಳಿನ ನನ್ನ ಗೆಳತಿಯರು ಆ ಹಣ್ಣು ಮುದುಕಿಯೇ ನನ್ನನ್ನು ಹೆತ್ತವಳೆಂದು ನಂಬಿ ಬಹಳ ಕಾಲ ಬೆರಗಾಗಿದ್ದರು. ಅವಳ ಕೂಗಿಗೆ ಅಪ್ಪ, ಅವ್ವ, ನಾನು, ಪಕ್ಕದ ಖೋಲಿಯ ಗಿರಿಜಕ್ಕ ಎಲ್ಲರೂ ಮೇಲೆ ಓಡಿದೆವು. ಪೂರ್ವದ ಕಡೆ, ಸಾಯನ್ನಿನ ಆಚೆ, ಟ್ರಾಂಬೆಯ ಗುಡ್ಡದ ಕೆಳಗೆ, ಆಕಾಶದಲ್ಲಿ ಒಂದು ಬೆಂಕಿ ನಿಂತಿತ್ತು. ನೆಲದಿಂದ ಎದ್ದ ಬೆಂಕಿಯಲ್ಲ ಅದು. ಸೂಜಿಯಷ್ಟು ತೆಳ್ಳಗೆ ಕಾಣುವ ಕೊಳವೆಯ ತುದಿಯಲ್ಲಿ, ಗಾಳಿ ಬಂದ ಕಡೆಗೆಲ್ಲ ವಾಲುತ್ತ, ಆದರೂ ಆರದೆ ಉರಿಯುತ್ತಿತ್ತು.

“ಯಾರ ಮನಿ ಸುಡಾಕತ್ತೈತೋ ಯಪ್ಪಾ ಅಲ್ಲಿ? ಮಂದಿ ಸುಮ್ಮ ನೋಡ್ಕೋತ ನಿಂತಾರಲ್ಲ!”

“ಮನಿ ಅಲ್ಲ ಯವ್ವಾ,” ಎಂದ ಅಪ್ಪ. “ಅದು ಎಣ್ಣಿ ಕಾರ್ಖಾನಿ. ಚಿಮಣಿ ಎಣ್ಣಿ, ಪೆಟ್ರೋಲು ಎಲ್ಲಾ ಇನ್ ಮ್ಯಾಲೆ ಇಲ್ಲೇ ಸೋಸ್ತಾರ. ಸೋಸಿ ಹೆಚ್ಚಾದ ಗ್ಯಾಸು ಹಂಗ ಮ್ಯಾಲೆ ಉರೀತೈತಿ.”

“ಹೆಚ್ಚಾದ ಬೆಂಕಿನಾ?”

ಆಯಿಗೆ ಆ ಮಾತು ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ನಮ್ಮ ಮನೆಯಲ್ಲಿ ಬೆಂಕಿಯೆಂದರೆ ಸಾಕಿ ಸಲಹಬೇಕಾದ ಪದಾರ್ಥ. ಒಂದರ ಹಿಂದೆ ಒಂದು ಎರಡು ಖೋಲಿ ನಮ್ಮದು. ಮುಂದಿನದರಲ್ಲಿ ಟ್ರಂಕುಗಳು, ಗೂಟಕ್ಕೆ ತೂಗುಹಾಕಿದ ಅಪ್ಪನ ಕೋಟು, ದೇವರ ಜಗಲಿ. ಹಿಂದಿನದರಲ್ಲಿ ಅಡುಗೆ, ಮೂಲೆಗೆ ಮೋರಿ, ಮೋರಿಯ ಪಕ್ಕ ನೀರು ತುಂಬಿದ ತಾಮ್ರದ ಹಂಡೆ. ಅಡುಗೆಯ ಖೋಲಿಗೆ ಕಿಟಕಿ ಇತ್ತಾದರೂ ಅದರಾಚೆ ಕೈಗೆಟುಕುವ ದೂರದಲ್ಲಿ ಇನ್ನೊಂದು ಚಾಳಿನ ಗೋಡೆ. ಹೊಗೆಗೆ ಹೊರಗೆ ಹೋಗಲು ದಾರಿಯಿರಲಿಲ್ಲ, ಅದು ನಮ್ಮ ಜೊತೆಯಲ್ಲೇ ಸಂಸಾರ ಮಾಡುತ್ತಿತ್ತು. ಬೆಳಗ್ಗೆ ಅವ್ವ ಶೆಗಡಿಯನ್ನು ಗ್ಯಾಲರಿಗೆ ಒಯ್ದು, ಇದ್ದಿಲ ಕೆಳಗೆ ಚಿಂದಿ ಇಟ್ಟು, ಬೀಸಣಿಗೆಯಿಂದ ಬೀಸಿ ಬೀಸಿ ಕೆಂಪಾಗಿಸಿ ಒಳಗೆ ತರುತ್ತಿದ್ದಳು. ಅವಸರಕ್ಕೆ ಹಿತ್ತಾಳೆಯ ಪಂಪಿನ ಸ್ಟೋವು ಇತ್ತು, ಆದರೆ ಅದಕ್ಕೆ ಬೇಕಾದ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ರೇಶನ್ ಅಂಗಡಿಯವನ ದಯೆ. ಅಡುಗೆ ಮುಗಿದ ಮೇಲೆ ಆಯಿ ಉಳಿದ ಕೆಂಡಗಳಿಗೆ ಬೂದಿ ಮುಚ್ಚಿ, ಎಳೆಗೂಸಿಗೆ ಹೊದಿಸಿದ ಹಾಗೆ ತಟ್ಟಿ ಮಲಗಿಸುತ್ತಿದ್ದಳು. ಅವ್ವ ದಿನವಿಡೀ ನೆಲದ ಮೇಲೆ ಶೆಗಡಿಯ ಮುಂದೆ ಕುಳಿತಿರುತ್ತಿದ್ದುದರಿಂದ ನನಗೆ ಅವಳ ಮುಖಕ್ಕಿಂತ ಬೈತಲೆಯೇ ಹೆಚ್ಚು ಪರಿಚಯ. ಹಸಿವಾದಾಗ ನಾನು ಮಾತಾಡಿಸುತ್ತಿದ್ದುದು ಆ ಬೈತಲೆಯನ್ನು. ಅವಳು ತಲೆ ಎತ್ತಿದರೆ ಕಣ್ಣು ಕೆಂಪಗೆ, ನೀರು ತುಂಬಿಕೊಂಡು ಇರುತ್ತಿದ್ದವು. ಅವಳು ಅಳುತ್ತಿದ್ದಾಳೋ ಹೊಗೆ ತಾಗಿದೆಯೋ ತಿಳಿಯುವ ಉಪಾಯ ಇರಲಿಲ್ಲ.

ಸ್ವಾತಂತ್ರ್ಯ ಬಂದಾಗ ನಾನು ಮಗ್ಗುಲು ಹೊರಳುವ ಕೂಸು. ಅಪ್ಪ ನನ್ನನ್ನು ಬಗಲಲ್ಲಿ ಎತ್ತಿಕೊಂಡು ಚಾಳಿನ ಪ್ರತಿ ಬಾಗಿಲಿಗೂ ಹೋಗಿ ಪೇಢಾ ಹಂಚಿದ್ದನಂತೆ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಸ್ವಾತಂತ್ರ್ಯವೆನ್ನುವುದು ನಮ್ಮ ಮನೆಯಲ್ಲಿ ಊಟದ ಹೊತ್ತಿನ ಜಗಳವಾಗಿತ್ತು. ರೇಶನ್ನಿನಲ್ಲಿ ಬರುತ್ತಿದ್ದ ಜೋಳ ಯಾವುದೋ ದೂರದ ದೇಶದ ಕೆಂಪು ಜೋಳ. ರೊಟ್ಟಿ ಬಡಿದರೆ ಅಂಚು ಬಿರಿಯುವುದು, ಹಂಚಿಗೆ ಹಾಕುವಷ್ಟರಲ್ಲಿ ಮೂರು ಪಾಲಾಗುವುದು.

“ಸ್ವಾತಂತ್ರ್ಯ ಬಂದೈತಿ ಅಂತೀರಿ,” ಎನ್ನುತ್ತಿದ್ದಳು ಆಯಿ, ಮುರಿದ ರೊಟ್ಟಿಯನ್ನು ಅಪ್ಪನ ಗಂಗಾಳಕ್ಕೆ ಹಾಕುತ್ತ. “ಜ್ವಾಳ ಮಾತ್ರ ಇನ್ನೂ ಹಡಗಿನ್ಯಾಗ ಬರ್ತೈತಿ.”

“ಅವಸರ ಮಾಡಬ್ಯಾಡ ಯವ್ವಾ. ಮನಿ ಈಗ ನಮ್ಮ ಕೈಗೆ ಬಂದೈತಿ. ಇನ್ನ ಒಂದೊಂದ ಸಾಮಾನು ಜೋಡಿಸ್ಕೋಬೇಕು.”

ಅಪ್ಪ ಅದನ್ನು ಮನಸ್ಸಿನಿಂದ ನಂಬಿ ಹೇಳುತ್ತಿದ್ದ. ಹಾಗಾಗಿಯೇ ಮುಂದೆ ಆದದ್ದು ಅವನನ್ನು ಅಷ್ಟೊಂದು ತಬ್ಬಿಬ್ಬುಗೊಳಿಸಿತು. ಅವನು ಕೆಲಸ ಮಾಡುತ್ತಿದ್ದುದು ಫೋರ್ಟಿನ ಒಂದು ಇಂಗ್ಲಿಷ್ ಕಂಪನಿಯಲ್ಲಿ. ವಿಲಾಯತಿಯಿಂದ ಕಂದೀಲು, ಸ್ಟೋವು, ದೀಪದ ಗಾಜು ತರಿಸಿ ಮಾರುವ ಕಂಪನಿ ಅದು. ಹೊಸ ಸರ್ಕಾರ ಹೊರಗಿನ ಸಾಮಾನಿಗೆ ಒಂದೊಂದಾಗಿ ಬಾಗಿಲು ಮುಚ್ಚುತ್ತ ಬಂತು. ಇಂಥವನ್ನೆಲ್ಲ ಇನ್ನು ಮೇಲೆ ನಾವೇ ಮಾಡಿಕೊಳ್ಳಬೇಕೆಂಬುದು ಅದರ ನೀತಿ. ಅಪ್ಪ ಪೇಪರಿನಲ್ಲಿ ಅದನ್ನು ಓದಿ ಶಹಬ್ಬಾಸ್ ಎಂದವನೇ. ಕೊನೆಗೆ ಒಂದು ದಿನ ಅವನ ಸಾಹೇಬ ನೌಕರರನ್ನೆಲ್ಲ ಕರೆದು, ಮುಂಬಯಿಯ ಆಫೀಸು ಮುಚ್ಚುತ್ತದೆ, ತಾನು ಊರಿಗೆ ಹೋಗುತ್ತೇನೆ ಎಂದು ಹೇಳಿ, ಎಲ್ಲರ ಕೈ ಕುಲುಕಿ, ತಂತಮ್ಮ ಮೇಜುಗಳನ್ನು ಬೇಕಾದರೆ ಒಯ್ಯಬಹುದು ಎಂದನಂತೆ. ಅಪ್ಪ ಫೋರ್ಟಿನಿಂದ ಮಾಟುಂಗದವರೆಗೆ ಕೈಗಾಡಿಯ ಮೇಲೆ ಮೇಜನ್ನು ಹೇರಿಸಿಕೊಂಡು, ತಾನು ಕೋಟು ತೊಟ್ಟು ಅದರ ಹಿಂದೆ ನಡೆದು ಬಂದ. ತೇಗದ ದೊಡ್ಡ ಮೇಜು. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಇಡೀ ಚಾಳು ಕೈಹಾಕಬೇಕಾಯಿತು. ಮುಂದಿನ ಖೋಲಿಯಲ್ಲಿ ಅದನ್ನು ಇಟ್ಟ ಮೇಲೆ ನಮಗೆ ಮಲಗಲು ಜಾಗ ಉಳಿಯಲಿಲ್ಲ. ಅಪ್ಪ ಅದರ ಮೇಲೆ ಎರಡೂ ಕೈಯಿಟ್ಟು ನಿಂತ.

“ಪೇಢಾ ಹಂಚಿದ್ದು ನಾನ,” ಎಂದ.

ಆಮೇಲಿನ ತಿಂಗಳುಗಳಲ್ಲಿ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಗ್ಗೆ ಹೊರಡುವುದು, ಸಂಜೆ ಅದೇ ಅಂಗಿಯಲ್ಲಿ ಬಾಡಿ ಬರುವುದು ನಡೆಯಿತು. ಆಫೀಸುಗಳಲ್ಲಿ ಜಾಗವಿಲ್ಲ, ಕಾರ್ಖಾನೆಗಳು ಇನ್ನೂ ಏಳಬೇಕು. ಹಳೆಯದು ಮುಗಿದು ಹೊಸದು ಶುರುವಾಗದ ಒಂದು ಸಂದಿಯಲ್ಲಿ ನಾವು ಸಿಕ್ಕಿಕೊಂಡಿದ್ದೆವು. ಅವ್ವ, ನಾನು, ಆಯಿ ಧಾರವಾಡದಲ್ಲಿ ಅವ್ವನ ಅಣ್ಣನ ಮನೆಗೆ ಹೋಗುವುದು, ಅಪ್ಪ ಖೋಲಿ ಬಿಟ್ಟು ಯಾವುದಾದರೂ ಖಾನಾವಳಿಯಲ್ಲಿ ಒಂದು ಮಂಚದ ಜಾಗ ಹಿಡಿಯುವುದು ಎಂದು ಮಾತಾಯಿತು. ನನ್ನ ಶಾಲೆಯ ಫ್ರಾಕು ಟ್ರಂಕಿನ ತಳ ಸೇರಿತು.

ಆಗ ಫ್ರೇನಿಬಾಯಿ ಬಂದಳು. ಪಾರ್ಸಿ ಹೆಂಗಸು, ಮೊಣಕಾಲ ಕೆಳಗಿನ ತನಕದ ಫ್ರಾಕು, ಕನ್ನಡಕ, ಗಂಡಸಿನಂಥ ದಪ್ಪ ದನಿ. ಹೊಸದಾಗಿ ಮನೆಮನೆಗೆ ಗ್ಯಾಸು ಕೊಡುತ್ತಿದ್ದ ಕಂಪನಿಯವಳು. ಚಾಳಿನ ಅಂಗಳದಲ್ಲಿ ಒಂದು ಮಡಿಚುವ ಮೇಜು ಬಿಡಿಸಿ, ಅದರ ಮೇಲೆ ಬಿಳಿ ಒಲೆ, ಕೆಳಗೆ ಕಬ್ಬಿಣದ ಸಿಲಿಂಡರ್ ಇಟ್ಟಳು. ಹೆಂಗಸರೆಲ್ಲ ಗ್ಯಾಲರಿಯ ಕಟಕಟೆ ಹಿಡಿದು ಮೇಲಿನಿಂದಲೇ ನೋಡಿದರು. ಸಿಲಿಂಡರ್ ಸಿಡಿಯುತ್ತದೆ ಎಂದು ಯಾರೋ ಹೇಳಿದ್ದರಿಂದ ಕೆಳಗಿಳಿಯುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಅವ್ವ ನಳದಿಂದ ನೀರು ಹಿಡಿದುಕೊಂಡು ಅಂಗಳ ದಾಟುತ್ತಿದ್ದಳು. ಫ್ರೇನಿಬಾಯಿ ಅವಳ ಕೈಯಿಂದ ಕೊಡ ತೆಗೆದು ಕೆಳಗಿಟ್ಟು, ಕಡ್ಡಿಪೆಟ್ಟಿಗೆ ಕೊಟ್ಟಳು.

“ಡರೋ ಮತ್ ಬಾಯಿ. ಪೈಲೆ ಕಾಡಿ, ಫಿರ್ ಚಾವಿ.”

ಅವ್ವ ಕಡ್ಡಿ ಗೀರಿದಳು, ಒಲೆಯ ಚಾವಿ ತಿರುಗಿಸಿದಳು. ಒಂದು ಸಣ್ಣ ಉಸಿರಿನ ಸದ್ದಾಯಿತು. ಬರ್ನರಿನ ಸುತ್ತ ನೀಲಿ ಮಲ್ಲಿಗೆಯ ದಂಡೆ ಕಟ್ಟಿದ ಹಾಗೆ ಬೆಂಕಿ ಅರಳಿತು. ಹೊಗೆಯಿಲ್ಲ, ಚಟಪಟವಿಲ್ಲ, ಬೀಸಣಿಗೆಯಿಲ್ಲ. ಇಷ್ಟು ವರ್ಷಗಳ ನಂತರ, ಮುಲುಂಡಿನ ನನ್ನ ಫ್ಲಾಟಿನಲ್ಲಿ ಗೋಡೆಯೊಳಗಿನ ಕೊಳವೆಯಲ್ಲೇ ಗ್ಯಾಸು ಬರುವಾಗಲೂ, ಆ ಮೊದಲ ನೀಲಿಯನ್ನು ಕಂಡಾಗಿನ ರೋಮಾಂಚ ನನ್ನ ಮೈಯಲ್ಲಿ ಹಾಗೇ ಇದೆ. ಕಲ್ಯಾಣದ ಲೋಕಲ್ಲು, ರೇಡಿಯೋ, ಜುಹೂದ ವಿಮಾನ ಎಲ್ಲ ನೋಡಿದ್ದೆ. ಅವು ಬೇರೆ ಯಾರದೋ ಅಚ್ಚರಿಗಳು. ಇದು ನನ್ನ ಅವ್ವನ ಬೆರಳಿನಿಂದ ಹುಟ್ಟಿತ್ತು. ಅವಳು ನೆಟ್ಟಗೆ ನಿಂತಿದ್ದಳು, ಕಣ್ಣಲ್ಲಿ ನೀರಿರಲಿಲ್ಲ, ಮುಖ ಇಡಿಯಾಗಿ ಕಾಣುತ್ತಿತ್ತು. ಅವಳ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆಂಬುದು ನನಗೆ ಅವತ್ತೇ ಗೊತ್ತಾದದ್ದು.

“ಎಂಥ ಮಾರಾಯ್ತಿ ಇದು, ಹೊಗೆಯೇ ಇಲ್ಲ ಅಲ್ವಾ!” ಎಂದು ಮೇಲಿನಿಂದ ಗಿರಿಜಕ್ಕ ಕೂಗಿದಳು. ಅವಳು ಉಡುಪಿಯವಳು, ಗಂಡ ಫೋರ್ಟಿನ ಹೋಟೆಲಿನಲ್ಲಿ ಮ್ಯಾನೇಜರ್. “ಬಿಸಿ ಉಂಟಾ ನೋಡು, ಬರೀ ಬಣ್ಣವೋ ಏನೋ!”

ಅವ್ವ ಆ ಮಾತನ್ನು ಹಿಂದಿಯಲ್ಲಿ ಫ್ರೇನಿಬಾಯಿಗೆ ಹೇಳಿ, ಅವಳ ಉತ್ತರವನ್ನು ಕನ್ನಡದಲ್ಲಿ ಗಿರಿಜಕ್ಕನಿಗೂ ಮರಾಠಿಯಲ್ಲಿ ಮಹಡಿಯ ಉಳಿದವರಿಗೂ ಹೇಳಿದಳು. ಮಾಟುಂಗದ ಸಂತೆಯಲ್ಲಿ ಕಲಿತ ನಾಲ್ಕು ತಮಿಳು ಮಾತುಗಳಲ್ಲಿ ಮೂಲೆಯ ಖೋಲಿಯ ಮಾಮಿಗೂ ಹೇಳಿದಳು. ಹೆಂಗಸರು ಒಬ್ಬೊಬ್ಬರಾಗಿ ಕೆಳಗಿಳಿದು ಬಂದರು. ಫ್ರೇನಿಬಾಯಿ ಕನ್ನಡಕ ತೆಗೆದು ಅವ್ವನನ್ನೇ ನೋಡುತ್ತಿದ್ದಳು. ಮಾರನೆಯ ದಿನ ಅವಳು ನಮ್ಮ ಖೋಲಿಗೇ ಬಂದು, ಜಾಗವಿಲ್ಲದ್ದಕ್ಕೆ ಮೇಜಿನ ತುದಿಯ ಮೇಲೆ ಕುಳಿತು, ಸಾಯನ್, ವಡಾಲಾ, ಮಾಟುಂಗದ ಮನೆಗಳಲ್ಲಿ ಒಲೆ ಹಚ್ಚಿ ತೋರಿಸುವ ಕೆಲಸಕ್ಕೆ ಅವ್ವನನ್ನು ಕೇಳಿದಳು. ತಿಂಗಳಿಗೆ ಪಗಾರ. ಜೊತೆಗೆ ನಮ್ಮ ಮನೆಗೂ ಒಂದು ಒಲೆ ಕಂಪನಿಯ ವತಿಯಿಂದ.

ಅವತ್ತಿನ ಜಗಳ ನನ್ನ ಬಾಲ್ಯದ ಎಲ್ಲ ಜಗಳಗಳಿಗಿಂತ ದೊಡ್ಡದು. ಆದರೆ ದನಿ ಏರಿಸಿದವಳು ಆಯಿ ಒಬ್ಬಳೇ.

“ಮಂದಿ ಮನಿ ಒಲಿ ಹಚ್ಚಾಕ ಹೊಕ್ಕಾಳಂತ ನಮ್ಮ ಮನಿ ಸೊಸಿ! ಊರಾಗ ಕೇಳಿದವರಿಗೆ ಏನ್ ಹೇಳ್ಲಿ?”

“ಊರಿಗೆ ಹೋಗಿ ಅಣ್ಣನ ಹೆಂಡ್ತಿ ಒಲಿ ಹಚ್ಚೂದ್ ಐತಲ್ಲ ಅತ್ತೀ,” ಎಂದಳು ಅವ್ವ. “ಅದಕ್ಕಿಂತ ಇದು ಕಡಿಮಿ ಆತೇನು?”

“ನಿಂತು ಬೇಸೂದಂತ! ನಿಂತು ಉಣಬಾರದು, ನಿಂತು ಬೇಸಬಾರದು. ಬೂದಿ ಇಲ್ಲದ ಬೆಂಕಿ ಎಲ್ಲೆರ ಐತೇನು? ಭಾಂಡಿ ಯಾತರ್ಲೆ ತಿಕ್ಕತಿ?”

ಅವ್ವ ಅಪ್ಪನ ಕಡೆ ತಿರುಗಿ, “ನೀವು ಹೇಳ್ರಿ,” ಎಂದಳು. ಅಪ್ಪ ಬಾಗಿಲ ಕಡೆ ಮುಖ ತಿರುಗಿಸಿದ.

“ನನ್ನ ಕೇಳಬ್ಯಾಡ ಗಂಗವ್ವ. ಹೂಂ ಅನ್ನಾಕೂ ನನಗ ಮುಖ ಇಲ್ಲ, ಬ್ಯಾಡ ಅನ್ನಾಕೂ ಮುಖ ಇಲ್ಲ.”

ಆದರೆ ಮರುದಿನ ಅಪ್ಪ ಆ ತೇಗದ ಮೇಜಿನ ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದಕ್ಕೆ ಗಿರಿಜಕ್ಕನ ಗಂಡನನ್ನು ಕರೆದು, ಅದನ್ನು ಹಿಂದಿನ ಖೋಲಿಯ ಕಿಟಕಿಯ ಕೆಳಗೆ ಇಟ್ಟ. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು, ನೆಲದ ಮೇಲೆ ಇಡಕೂಡದು ಎಂದು ಫ್ರೇನಿಬಾಯಿ ಹೇಳಿದ್ದಳು. ಅವನು ಕಂಪನಿಯ ಪತ್ರಗಳನ್ನು ಬರೆದ ಮೇಜಿನ ಮೇಲೆ, ಶಾಯಿಯ ಕಲೆಗಳ ನಡುವೆ, ಬಿಳಿ ಒಲೆ ಬಂದು ಕುಳಿತಿತು. ಅದೇ ಅವನ ಹೂಂ ಎಂದು ಅವ್ವ ತಿಳಿದುಕೊಂಡಳು.

ಟ್ರಂಕಿನಿಂದ ನನ್ನ ಫ್ರಾಕು ಮೇಲೆ ಬಂತು. ಅವ್ವ ಬೆಳಗ್ಗೆ ನಿಂತು ಅಡುಗೆ ಮುಗಿಸಿ, ಹೆಗಲಿಗೆ ಕಂಪನಿಯ ಚೀಲ ಹಾಕಿಕೊಂಡು, ಸೀರೆಯ ನಿರಿಗೆ ಒಮ್ಮೆ ಕೊಡವಿ ಹೊರಡುತ್ತಿದ್ದಳು. ಅಪ್ಪ ನನ್ನ ಜಡೆ ಹೆಣೆಯಲು ಕಲಿತ, ಸೊಟ್ಟಗೆ. ಆಯಿ ಮಾತ್ರ ತನ್ನ ಶೆಗಡಿಯನ್ನು ಗ್ಯಾಲರಿಗೆ ಒಯ್ದು, ಅಲ್ಲೇ ಕುಳಿತು, ತನ್ನ ಪಾಲಿನ ರೊಟ್ಟಿ ಪಲ್ಯ ತಾನೇ ಬೇಯಿಸಿಕೊಳ್ಳತೊಡಗಿದಳು. ಮಳೆಗಾಲದಲ್ಲಿ ಇರಚಲು ಹೊಡೆದರೂ ಒಳಗೆ ಬರಲಿಲ್ಲ, ಕೊಡೆ ಬಿಚ್ಚಿ ಶೆಗಡಿಯ ಮೇಲೆ ಹಿಡಿದಳು. ಒಂದೇ ಮನೆಯಲ್ಲಿ ಒಳಗೊಂದು ಕಾಲ, ಹೊರಗೊಂದು ಕಾಲ. ಅವೆರಡರ ನಡುವಿನ ಹೊಸ್ತಿಲ ಮೇಲೆ ಕುಳಿತು ನಾನು ಎರಡೂ ಕಡೆಯದನ್ನು ಉಣ್ಣುತ್ತಿದ್ದೆ. ಆಯಿ ನನ್ನ ಬಾಯಿಗೆ ತುತ್ತಿಡುತ್ತ ಕೇಳುತ್ತಿದ್ದಳು, “ಹೊಗಿ ವಾಸನಿ ಇಲ್ಲದ ಪಲ್ಯ ಅದೇನ್ ರುಚಿ ಬೇ?” ಅವ್ವ ಒಳಗಿನಿಂದ ಕೇಳಿಸಿಕೊಂಡೂ ಒಲೆ ಒರೆಸುತ್ತಿದ್ದಳು. ಅವಳು ತಿರುಗಿ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ದಸರೆಯ ಮುಂದೆ ಮಾಟುಂಗದ ಒಂದು ಕನ್ನಡ ಸಂಘದ ಸಭಾಂಗಣದಲ್ಲಿ ಹೆಂಗಸರಿಗಾಗಿ ಗ್ಯಾಸಿನ ಒಲೆ ತೋರಿಸುವ ಕಾರ್ಯಕ್ರಮ ಇಟ್ಟರು. ಅವತ್ತು ಫ್ರೇನಿಬಾಯಿ ಬರಲಿಲ್ಲ. ವೇದಿಕೆ ಪೂರ್ತಿ ಅವ್ವನದು. ಅಪ್ಪ ಸಿಲಿಂಡರನ್ನು ಉರುಳಿಸಿಕೊಂಡು ತಂದು ಇಟ್ಟು, ವೇದಿಕೆಯ ಮೆಟ್ಟಿಲ ಬಳಿ ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಸಭಾಂಗಣ ತುಂಬಿತ್ತು. ಉಡುಪಿ ಮಂಗಳೂರಿನವರು ಒಂದು ಕಡೆ, ಬೆಳಗಾವಿ ವಿಜಾಪುರದವರು ಒಂದು ಕಡೆ. ಅವ್ವ ಹಾಲು ಉಕ್ಕಿಸಿ ತೋರಿಸಿದಳು, ಅನ್ನ ಮಾಡಿ ತೋರಿಸಿದಳು, ವಾಸನೆ ಬಂದರೆ ಏನು ಮಾಡಬೇಕೆಂದು ಹೇಳಿದಳು. ಮನೆಯಲ್ಲಿ ಅತ್ತೆಯ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ಮಾತಾಡುವ ಅವ್ವನ ದನಿ ಕೊನೆಯ ಸಾಲಿನ ತನಕ ತಡೆಯಿಲ್ಲದೆ ಹೋಗುತ್ತಿತ್ತು. ನಾನು ಮುಂದಿನ ಸಾಲಿನಲ್ಲಿ ಕುಳಿತು, ಈಕೆ ಯಾರು, ಇಷ್ಟು ದಿನ ಎಲ್ಲಿದ್ದಳು ಎಂದುಕೊಳ್ಳುತ್ತಿದ್ದೆ.

ಆಗ ಹಿಂದಿನಿಂದ ಒಂದು ದನಿ ಎದ್ದಿತು.

“ರೊಟ್ಟಿ ಆಕ್ಕಾವೇನು ಇದರ ಮ್ಯಾಲೆ? ಜ್ವಾಳದ ರೊಟ್ಟಿ?”

ಅದು ಆಯಿಯ ದನಿ. ಗಿರಿಜಕ್ಕನ ಜೊತೆ ಯಾವಾಗ ಬಂದು ಬಾಗಿಲ ಬಳಿ ನಿಂತಿದ್ದಳೋ. ಉತ್ತರ ಕರ್ನಾಟಕದ ಹೆಂಗಸರೆಲ್ಲ ಹಿಂದಕ್ಕೆ ತಿರುಗಿ ಹೌದು ಹೌದು ಎಂದರು. ಅಪ್ಪ ಅರ್ಧ ಎದ್ದ. ಅವ್ವನ ಕೈ ತಾನಾಗಿ ಸೆರಗಿನ ಕಡೆ ಹೋದದ್ದನ್ನು, ಹೋಗಿ ನಿಂತದ್ದನ್ನು ನಾನು ಕಂಡೆ.

“ಹಿಟ್ಟು ಐತಿ, ಹಂಚು ಐತಿ,” ಎಂದಳು. “ನಾ ಮಾಡಿ ತೋರಿಸಿದರ ನೀವು ನಂಬೂದಿಲ್ಲ. ನೀವ ಬರ್ರಿ ಅತ್ತೀ. ನಿಮ್ಮಷ್ಟು ಚಲೋ ರೊಟ್ಟಿ ಬಡಿಯೋರು ಈ ಮುಂಬೈದಾಗ ನಾ ಯಾರನ್ನೂ ನೋಡಿಲ್ಲ.”

ಅತ್ತೀ ಎಂಬ ಮಾತು ಕೇಳಿ ಸಭೆಯಲ್ಲಿ ಗುಜುಗುಜು ಎದ್ದಿತು. ಆಯಿ ಜನರ ನಡುವೆ ನಿಧಾನವಾಗಿ ನಡೆದು ಬಂದು, ಅಪ್ಪ ಚಾಚಿದ ಕೈಯನ್ನು ಸರಿಸಿ, ತಾನೇ ಮೆಟ್ಟಿಲು ಹತ್ತಿದಳು. ಬಿಸಿನೀರು ಹಾಕಿ ಹಿಟ್ಟು ನಾದಿದಳು. ಮೇಜಿನ ಮುಂದೆ ನಿಂತು ಬಡಿಯಲು ಮೊದಲು ಅವಳ ಮೈ ಒಪ್ಪಲಿಲ್ಲ; ಮೊಣಕಾಲು ತಾನಾಗಿ ಬಾಗುತ್ತಿತ್ತು. ಆಮೇಲೆ ಅಂಗೈಗೆ ತಾಳ ಸಿಕ್ಕಿತು. ಪರಾತದಲ್ಲಿ ರೊಟ್ಟಿ ತಿರುಗುತ್ತ ತಿರುಗುತ್ತ ಹುಣ್ಣಿಮೆಯಷ್ಟಾಯಿತು. ಅಂಚು ಬಿರಿಯಲಿಲ್ಲ, ಆ ಹೊತ್ತಿಗೆ ನಮ್ಮ ಕಡೆಯ ಬಿಳಿ ಜೋಳ ಮತ್ತೆ ಪೇಟೆಗೆ ಬರತೊಡಗಿತ್ತು. ಹಂಚಿಗೆ ಹಾಕಿ, ನೀರು ಸವರಿ, ಮಗುಚಿ, ಕೊನೆಗೆ ಹಂಚು ಸರಿಸಿ ನೇರ ನೀಲಿ ಬೆಂಕಿಯ ಮೇಲೆ ಇಟ್ಟಳು. ಸಭೆಯೆಲ್ಲ ಕತ್ತು ಚಾಚಿತು. ರೊಟ್ಟಿ ಒಂದು ಬದಿಯಿಂದ ಮೆಲ್ಲಗೆ ಉಸಿರು ತುಂಬಿಕೊಂಡು, ಪೂರ್ತಿ ಉಬ್ಬಿ ನಿಂತಿತು.

ಚಪ್ಪಾಳೆ ಆಯಿಗೆ ಕೇಳಿಸಿದಂತೆ ಕಾಣಲಿಲ್ಲ. ಅವಳು ಒಲೆಯನ್ನೇ ನೋಡುತ್ತಿದ್ದಳು.

“ಆರಸೂದು ಹ್ಯಾಂಗ?”

“ಇದನ್ನ ಈ ಕಡೆ ತಿರುವ್ರಿ.”

ಆಯಿ ಚಾವಿ ತಿರುವಿದಳು. ಬೆಂಕಿ ಇಲ್ಲವಾಯಿತು. ಬಗ್ಗಿ ಬರ್ನರಿನ ಕೆಳಗೆ ನೋಡಿದಳು, ಕೆಂಡವಿರಲಿಲ್ಲ, ಬೂದಿಯಿರಲಿಲ್ಲ. ಕಡ್ಡಿ ಗೀರಿ ಮತ್ತೆ ಹಚ್ಚಿದಳು. ಮತ್ತೆ ಆರಿಸಿದಳು. ಮತ್ತೆ ಹಚ್ಚಿದಳು. ಬದುಕಿಡೀ ಬೆಂಕಿಯನ್ನು ಊದಿ, ಬೇಡಿಕೊಂಡು, ಮುಚ್ಚಿಟ್ಟು, ನೆರೆಮನೆಯಿಂದ ಕೆಂಡ ತಂದು ಬಾಳಿದ ಆ ಹೆಂಗಸಿನ ಎರಡು ಬೆರಳಿನ ನಡುವೆ ಈಗ ಅದು ಹೇಳಿದ ಹಾಗೆ ಬರುತ್ತಿತ್ತು, ಹೇಳಿದ ಹಾಗೆ ಹೋಗುತ್ತಿತ್ತು. ಯಾರೂ ನಗಲಿಲ್ಲ. ದೇಶ ನಮ್ಮ ಕೈಗೆ ಬಂತು ಎನ್ನುವುದನ್ನು ನಾನು ಪುಸ್ತಕದಲ್ಲಿ ಓದಿದ್ದು ಆಮೇಲೆ. ಕಣ್ಣಿಂದ ನೋಡಿದ್ದು ಅವತ್ತು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಕಾಲದ ಮೇಲೆ ಭಾಂಡೂಪಿನಲ್ಲಿ ಹೊಸದಾಗಿ ಎದ್ದ, ನಮ್ಮವರೇ ಸ್ಟೋವು ತಯಾರಿಸುವ ಕಾರ್ಖಾನೆಯೊಂದರಲ್ಲಿ ಅಪ್ಪನಿಗೆ ಕೆಲಸ ಸಿಕ್ಕಿತು. ಅವನ ಹಳೆಯ ಕಂಪನಿ ಯಾವ ಸಾಮಾನನ್ನು ಹಡಗಿನಲ್ಲಿ ತರಿಸುತ್ತಿತ್ತೋ ಅದನ್ನೇ ಅಲ್ಲಿ ಅಚ್ಚು ಹೊಯ್ದು ಮಾಡುತ್ತಿದ್ದರು. ಮೊದಲ ದಿನ ಬಂದವನು ಊಟ ಬಿಟ್ಟು ಆ ಅಚ್ಚುಗಳ ವರ್ಣನೆ ಮಾಡಿದ. ನಾವು ಮುಲುಂಡಿಗೆ ಬಂದೆವು. ಆಗ ಅಲ್ಲಿ ಸ್ಟೇಶನ್ನು ದಾಟಿದರೆ ಹುಲ್ಲು. ಅವ್ವ ಕೂದಲು ನೆರೆಯುವ ತನಕ ಸೆಂಟ್ರಲ್ ಲೈನಿನ ಲೋಕಲ್ಲಿನಲ್ಲಿ ಓಡಾಡಿ ಕೆಲಸ ಮಾಡಿದಳು. ನಾನು ಕೆಮಿಸ್ಟ್ರಿ ಓದಿ ಶಾಲೆಯಲ್ಲಿ ಕಲಿಸಿದೆ. ಪ್ರಯೋಗಶಾಲೆಯಲ್ಲಿ ಮಕ್ಕಳು ಮೊದಲ ಬಾರಿ ಬರ್ನರ್ ಹಚ್ಚುವ ದಿನ ಅವರ ಮುಖಗಳನ್ನು ನೋಡುವುದು ನನಗೆ ಎಂದೂ ಹಳತಾಗಲಿಲ್ಲ. ಈಗ ನನ್ನ ಮೊಮ್ಮಗಳು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, “ಅಜ್ಜಿ, ಗ್ಯಾಸ್ ಮೇ ಕ್ಯಾ ಐತಿ ಅಷ್ಟೊಂದು?” ಎಂದು ಕೇಳುತ್ತಾಳೆ. ಅವಳಿಗೆ ಹೇಳಲು ಕುಳಿತೇ ನಾನು ನನ್ನ ನೆನಪುಗಳ ಈ ಅಧ್ಯಾಯ ಬರೆದದ್ದು.

ಆದರೆ ಆ ಸಂಜೆ ಸಭಾಂಗಣದಿಂದ ಮನೆಗೆ ನಡೆದು ಬರುವಾಗ ಏನಾಯಿತೆಂದು ಹೇಳಬೇಕು. ಆಯಿ ಮುಂದೆ, ಅವ್ವ ಎರಡು ಹೆಜ್ಜೆ ಹಿಂದೆ, ನಾನೂ ಅಪ್ಪನೂ ಅವರ ಹಿಂದೆ. ಹೂವಿನ ಅಂಗಡಿಗಳ ಸಾಲು ದಾಟಿದ ಮೇಲೆ ಆಯಿ ನಿಂತಳು.

“ನಾಳಿಗೆ ಎಲ್ಲಿ ಹೋಗೂದೈತಿ?”

“ಸಾಯನ್‌ಕ, ಅತ್ತೀ. ಲಗೂನ ಹೋಗಬೇಕು.”

“ಹಸದ ಹೊಟ್ಟೀಲೆ ಹೋಗಬ್ಯಾಡ,” ಎಂದು ಹೇಳಿ ಆಯಿ ಮತ್ತೆ ನಡೆಯತೊಡಗಿದಳು.

ಮರುದಿನ ಬೆಳಗ್ಗೆ ನನಗೆ ಎಚ್ಚರವಾದದ್ದು ರೊಟ್ಟಿ ಬಡಿಯುವ ಸದ್ದಿಗೆ. ಸದ್ದು ಗ್ಯಾಲರಿಯಿಂದ ಬರುತ್ತಿರಲಿಲ್ಲ. ಎದ್ದು ಹಿಂದಿನ ಖೋಲಿಯ ಬಾಗಿಲಿಗೆ ಹೋದೆ. ಮೇಜು ಆಯಿಗೆ ಎತ್ತರವಾಗುತ್ತಿತ್ತು. ಅದಕ್ಕೆ ಅವಳು ನಾವು ಉಣ್ಣಲು ಕೂರುವ ಮಣೆಯನ್ನು ಮೇಜಿನ ಮುಂದೆ ಹಾಕಿಕೊಂಡು, ಅದರ ಮೇಲೆ ಹತ್ತಿ ನಿಂತಿದ್ದಳು. ಕೆಳಗೆ ನೆಲದ ಮೇಲೆ, ಹೊರಗೆ ಹೋಗುವ ಸೀರೆ ಉಟ್ಟು, ಮಗ್ಗುಲಲ್ಲಿ ಚೀಲ ಇಟ್ಟುಕೊಂಡು, ಗಂಗಾಳದ ಮುಂದೆ ಅವ್ವ ಕುಳಿತಿದ್ದಳು. ಅವಳು ಮನೆಯಲ್ಲಿ ಎಲ್ಲರಿಗಿಂತ ಮೊದಲು ಉಣ್ಣುವುದನ್ನು ನಾನು ಕಂಡದ್ದು ಅದೇ ಮೊದಲು. ಆಯಿ ತಿರುಗಿ, ಮಣೆಯ ಮೇಲಿಂದಲೇ ಬಗ್ಗಿ, ಉಬ್ಬಿದ ಬಿಸಿ ರೊಟ್ಟಿಯನ್ನು ಅವಳ ಗಂಗಾಳಕ್ಕೆ ಹಾಕಿದಳು. ಅವ್ವ ತಲೆ ಎತ್ತಿ ನೋಡಿದಳು.

“ಉಣ್ಣು,” ಎಂದಳು ಆಯಿ. “ಇನ್ನೊಂದ್ ಹಾಕೀನಿ.”